ಬೈಡನ್ ಸರ್ಕಾರ ಮೊದಲ ವರ್ಷದಲ್ಲೇ ರಸ್ತೆ, ಸೇತುವೆಗೆ ಅಷ್ಟು ದೊಡ್ಡ ಮಸೂದೆ ಪಾಸು ಮಾಡಿಸಿದ್ದು ಹೇಗೆ?

ಸುಲಭವಾಗಿ ಅಲ್ಲ. 2021ರಲ್ಲಿ ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ಬೈಡನ್ ಅವರ ಡೆಮಾಕ್ರಟಿಕ್ ಕಡೆಗೂ ಎದುರಿನ ರಿಪಬ್ಲಿಕನ್ ಪಕ್ಷಕ್ಕೂ 50-50 ಸ್ಥಾನ. ಸಮಬಲವಾದರೆ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಮತವೇ ನಿರ್ಣಾಯಕ.

ಮೊದಲು ಕೋವಿಡ್ ಪರಿಹಾರ. 1.9 ಲಕ್ಷ ಕೋಟಿ ಡಾಲರ್‌ನ ಈ ಕಾನೂನಿಗೆ ಮಾರ್ಚ್ 11ರಂದು ಸಹಿ ಬಿತ್ತು. ಅದನ್ನು ಬಜೆಟ್ ಮಸೂದೆಗಳಿಗಿರುವ ವಿಶೇಷ ದಾರಿಯಲ್ಲಿ ತಂದರು. ಆ ದಾರಿಯಲ್ಲಿ ಸರಳ ಬಹುಮತ ಸಾಕು. ರಿಪಬ್ಲಿಕನ್ನರ ಒಂದು ಮತವೂ ಸಿಗಲಿಲ್ಲ, ಬೇಕಾಗಲೂ ಇಲ್ಲ.

ಮೂಲಸೌಕರ್ಯದ ಕತೆಯೇ ಬೇರೆ. ಮಾಮೂಲಿ ಮಸೂದೆಯ ಮೇಲೆ ಚರ್ಚೆ ಮುಗಿಸಿ ಮತಕ್ಕೆ ಹಾಕಲು ಸೆನೆಟ್‌ನಲ್ಲಿ 60 ಮತ ಬೇಕು. ಅದಕ್ಕೇ ಎದುರು ಪಕ್ಷದ ಜೊತೆ ತಿಂಗಳುಗಟ್ಟಲೆ ಚೌಕಾಸಿ ನಡೆಯಿತು. ಸುಮಾರು 2 ಲಕ್ಷ ಕೋಟಿ ಡಾಲರ್ ಅಂತ ಶುರುವಾದ ಯೋಜನೆಯಿಂದ ಮನೆಯಲ್ಲಿ ವೃದ್ಧರ ಆರೈಕೆಯಂಥ ಬಾಬತ್ತುಗಳು ಉದುರಿಹೋದವು. ಕೊನೆಗೆ ಆಗಸ್ಟ್‌ನಲ್ಲಿ 69-30ರಿಂದ ಪಾಸಾಯಿತು. 19 ರಿಪಬ್ಲಿಕನ್ನರೂ ಕೈ ಜೋಡಿಸಿದರು. ಕೆಳಮನೆಯಲ್ಲಿ ಬೈಡನ್ ಪಕ್ಷದವರ ಒಳಜಗಳದಿಂದಲೇ ನವೆಂಬರ್‌ವರೆಗೆ ಎಳೆಯಿತು. ನವೆಂಬರ್ 15ಕ್ಕೆ ಸಹಿ.

ಒಂದು ಮಾತು: ಸುದ್ದಿಯಲ್ಲಿ ಬಂದ 1.2 ಲಕ್ಷ ಕೋಟಿ ಡಾಲರ್ ಪೂರ್ತಿ ಹೊಸ ಹಣವಲ್ಲ. ಹೇಗೂ ಖರ್ಚಾಗಬೇಕಿದ್ದ ಮೊತ್ತವೂ ಅದರಲ್ಲಿ ಸೇರಿದೆ. ಹೊಸದು ಸುಮಾರು 55,000 ಕೋಟಿ ಡಾಲರ್. ಅದರಲ್ಲಿ ರಸ್ತೆ, ಸೇತುವೆಗೆ ಸುಮಾರು 11,000 ಕೋಟಿ, ರೈಲಿಗೆ 6,600 ಕೋಟಿ, ಬ್ರಾಡ್‌ಬ್ಯಾಂಡ್‌ಗೆ 6,500 ಕೋಟಿ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮಾತ್ರ ಹಳೆಯ ಸೀಸದ ನೀರಿನ ಪೈಪು ಕಿತ್ತು ಬದಲಿಸಲು ಇಟ್ಟ 1,500 ಕೋಟಿ ಡಾಲರ್. ಮಣ್ಣೊಳಗಿನ ಪೈಪಿನ ಮುಂದೆ ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳೋದು ಕಷ್ಟ, ಅಲ್ವಾ?