ಶಾಸನದ ಫೋಟೋಗಳನ್ನು ಅಕ್ಷರ ಕೆಡದಂತೆ ಇವತ್ತೇ ಕಳಿಸುವುದು ಹೇಗೆ?

ನಿಮ್ಮೂರ ಕೆರೆ ಏರಿಯ ಬಳಿ ಸಿಕ್ಕಿದ ಶಾಸನದ ಹನ್ನೆರಡು ಫೋಟೋಗಳನ್ನು ಓದಬಲ್ಲವರಿಗೆ ಇವತ್ತೇ ತಲುಪಿಸಬೇಕು, ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರಗಳು ಕಲಸಿಹೋಗುತ್ತಿವೆ, ಖಾತೆ ತೆರೆಯದೆ ಪುಕ್ಕಟೆಯಾಗಿ ಎಲ್ಲಿ ಏರಿಸಬಹುದು ಎಂದು ಕೇಳಿದ್ದೀರಿ.

ಓದುವವರು ಒಬ್ಬರೇ ಆಗಿದ್ದರೆ ಯಾವ ತಾಣವೂ ಬೇಡ. ವಾಟ್ಸ್‌ಆ್ಯಪ್‌ನಲ್ಲೇ ಫೋಟೋ ಎಂದು ಕಳಿಸುವ ಬದಲು ಡಾಕ್ಯುಮೆಂಟ್ ಎಂದು ಆಯ್ದು ಕಳಿಸಿ. ಕಡತ ಇದ್ದ ಹಾಗೆಯೇ ಹೋಗುತ್ತದೆ. ಫೋಟೋ ಎಂದು ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸಿ ಮತ್ತೊಮ್ಮೆ ಜೆಪೆಗ್ (ಚಿತ್ರದ ಕಡತವನ್ನು ಕಿರಿದಾಗಿಸಿ ಉಳಿಸುವ ವಿಧಾನ) ಮಾಡುತ್ತದೆ. ಜೆಪೆಗ್ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಒಡೆದು ಪ್ರತಿ ಚೌಕದಲ್ಲೂ ನವಿರಾದ ವಿವರವನ್ನೇ ಮೊದಲು ಕೈಬಿಡುತ್ತದೆ. ಮನುಷ್ಯರ ಮುಖದ ಫೋಟೋಗೆ ಇದರಿಂದ ನಷ್ಟವಿಲ್ಲ. ಶಾಸನಕ್ಕೆ ಮಾತ್ರ ದೊಡ್ಡ ನಷ್ಟ. ‘ಪ’ಕ್ಕೂ ‘ಷ’ಕ್ಕೂ ಇರುವುದು ಒಳಗಿನ ಒಂದು ಗೀಟಿನ ಅಂತರ, ಸವೆದ ಕಲ್ಲಿನಲ್ಲಿ ಅದು ಗೀಟೋ ಬಿರುಕೋ ಎಂಬುದೇ ಓದುವವರ ಕಷ್ಟ. ಆ ಗೀಟನ್ನೇ ಕಳೆದು ಕಳಿಸಿದರೆ ಅವರು ಏನನ್ನು ಓದಬೇಕು?

ನಾಲ್ಕಾರು ಜನರಿಗೆ ತೋರಿಸಬೇಕಾದರೆ ಪೋಸ್ಟ್‌ಇಮೇಜಸ್ (Postimages) ಅಥವಾ ಐಎಂಜಿಬಿಬಿ (ImgBB) ಎಂಬ ಪುಕ್ಕಟೆ ಚಿತ್ರತಾಣ ಸಾಕು. ಎರಡಕ್ಕೂ ಖಾತೆ ಬೇಕಿಲ್ಲ. ಐಎಂಜಿಬಿಬಿಯಲ್ಲಿ ಒಂದು ಚಿತ್ರ 32 ಎಂಬಿಯವರೆಗೆ ಇರಬಹುದು, ಇಂತಿಷ್ಟು ದಿನಕ್ಕೆ ತಾನಾಗಿ ಅಳಿಸಿಹೋಗಲಿ ಎಂದು ಗಡುವನ್ನೂ ಇಡಬಹುದು. ಪೋಸ್ಟ್‌ಇಮೇಜಸ್‌ನಲ್ಲಿ ಏರಿಸುವ ಮುನ್ನ ಅಳತೆ ಬದಲಿಸಬೇಡ ಎಂಬ ಆಯ್ಕೆ ಇದೆಯೇ ನೋಡಿಕೊಳ್ಳಿ. ಏರಿಸಿದ ಮೇಲೆ ಹಲವು ಲಿಂಕ್‌ಗಳು ಕಾಣಿಸುತ್ತವೆ. ಅವುಗಳಲ್ಲಿ ಒಂದು ಚಿತ್ರವನ್ನು ಅಳಿಸುವ ಲಿಂಕ್. ಅದನ್ನು ಬರೆದಿಟ್ಟುಕೊಳ್ಳಿ, ಯಾರಿಗೂ ಕೊಡಬೇಡಿ. ಖಾತೆ ಇಲ್ಲದ ಕಾರಣ ಮುಂದೆ ಚಿತ್ರ ತೆಗೆಯಲು ನಿಮ್ಮ ಕೈಯಲ್ಲಿರುವ ಕೀಲಿ ಅದೊಂದೇ. ಲಿಂಕ್ ಸಿಕ್ಕವರೆಲ್ಲರೂ ಚಿತ್ರ ನೋಡಬಲ್ಲರು ಎಂಬುದೂ ನೆನಪಿರಲಿ.

ಏರಿಸುವ ಮುನ್ನ ಒಂದು ಕೆಲಸ ಮಾಡಲೇಬೇಕು, ಇದನ್ನು ಒತ್ತಿ ಹೇಳುತ್ತೇನೆ. ಮೊಬೈಲ್‌ನಲ್ಲಿ ತೆಗೆದ ಫೋಟೋದೊಳಗೆ ಜಾಗದ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಅದೂ ಜೊತೆಗೇ ಹೋಗುತ್ತದೆ. ಶಾಸನ, ವೀರಗಲ್ಲು ಎಂದರೆ ಕೆಳಗೆ ಹೊನ್ನಿನ ಕೊಪ್ಪರಿಗೆ ಇದೆ ಎಂದು ನಂಬಿ ರಾತ್ರಿ ಹಾರೆ ಹಿಡಿದು ಬರುವವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಗ್ಯಾಲರಿಯಲ್ಲಿ ಫೋಟೋದ ವಿವರ ತೆರೆದು ಸ್ಥಳವನ್ನು ತೆಗೆದುಹಾಕಿ, ಆಮೇಲೆ ಸಾರ್ವಜನಿಕ ತಾಣಕ್ಕೆ ಏರಿಸಿ. ನಂಬಿಕಸ್ಥ ಸಂಶೋಧಕರಿಗೆ ಜಾಗವನ್ನು ಫೋನಿನಲ್ಲಿ ಹೇಳಿದರಾಯಿತು.

ಇಷ್ಟು ಇವತ್ತಿನ ಅವಸರಕ್ಕೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. 2012ರಲ್ಲಿ ನಾನು ಒಂದು ವೀರಗಲ್ಲಿನ ಚಿತ್ರಗಳನ್ನು ಇಂಥದೇ ಪುಕ್ಕಟೆ ತಾಣದಲ್ಲಿ ಏರಿಸಿ ಹತ್ತಾರು ಜನರಿಗೆ ಲಿಂಕ್ ಕೊಟ್ಟಿದ್ದೆ. ಮೂಲ ಫೋಟೋಗಳಿದ್ದ ಮೊಬೈಲ್ ಕೆಟ್ಟಿತು, ಅಂತರ್ಜಾಲದಲ್ಲಿ ಇದೆಯಲ್ಲ ಎಂದು ಸುಮ್ಮನಿದ್ದೆ. ಕೆಲವು ವರ್ಷಗಳ ನಂತರ ತಾಣವೇ ಬಾಗಿಲು ಹಾಕಿತು. ಆ ಹೊತ್ತಿಗೆ ರಸ್ತೆ ಅಗಲ ಮಾಡುವಾಗ ಕಲ್ಲೂ ಎರಡು ಹೋಳಾಗಿ, ಬರಹವಿದ್ದ ಪಟ್ಟಿಕೆ ಒಡೆದುಹೋಗಿತ್ತು. ಅಲ್ಲಿ ಬಿದ್ದ ವೀರನ ಹೆಸರನ್ನು ನಾನು ಪೂರ್ತಿ ಓದಿಕೊಂಡಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ನನ್ನೊಬ್ಬನ ಕತೆ ಇದಲ್ಲ. 2017ರಲ್ಲಿ ಫೋಟೋಬಕೆಟ್ ಎಂಬ ಚಿತ್ರತಾಣ, ಬೇರೆ ತಾಣಗಳಲ್ಲಿ ಚಿತ್ರ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಎಂದಾಗ ಲೆಕ್ಕವಿಲ್ಲದಷ್ಟು ಹಳೆಯ ಪುಟಗಳಲ್ಲಿ ಚಿತ್ರವಿದ್ದ ಕಡೆ ಬರೀ ಸೂಚನಾಫಲಕ ಉಳಿಯಿತು. ಅಂಥದೇ ತಾಣವಾದ ಟೈನಿಪಿಕ್ 2019ರಲ್ಲಿ ಮುಚ್ಚಿತು. ಇಮ್ಗರ್ 2023ರ ಮೇ ತಿಂಗಳಿನಿಂದ, ಖಾತೆ ಇಲ್ಲದೆ ಏರಿಸಿದ ಹಳೆಯ, ಯಾರೂ ನೋಡದ ಚಿತ್ರಗಳನ್ನು ಅಳಿಸತೊಡಗಿತು. ಶಾಸನದ ಫೋಟೋ ಎಂದರೆ ವರ್ಷಗಟ್ಟಲೆ ಯಾರೂ ನೋಡದೆ ಇದ್ದು, ಒಂದು ದಿನ ಒಬ್ಬರಿಗೆ ತುರ್ತಾಗಿ ಬೇಕಾಗುವಂಥದ್ದು. ಅಂಥದ್ದೇ ಇಲ್ಲಿ ಮೊದಲು ಅಳಿಯುತ್ತದೆ.

ಆದ್ದರಿಂದ ಈ ಭಾನುವಾರ ಬಿಡುವು ಮಾಡಿಕೊಂಡು ವಿಕಿಪೀಡಿಯ ಬಳಗದ ಮುಕ್ತ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಖಾತೆ ತೆರೆಯಿರಿ. ನೀವೇ ತೆಗೆದ ಫೋಟೋ, ಶತಮಾನಗಳ ಹಿಂದಿನ ಬರಹ, ಹಕ್ಕಿನ ತೊಡಕಿಲ್ಲ. ಹೆಸರು ಹೇಳಿ ಯಾರು ಬೇಕಾದರೂ ಬಳಸಲಿ ಎಂಬ ಪರವಾನಗಿ ಕೊಡಬೇಕು, ಅಷ್ಟೆ. ಮೂಲ ಅಳತೆಯ ಚಿತ್ರ ಅಲ್ಲಿ ಹಾಗೆಯೇ ಉಳಿಯುತ್ತದೆ. ಕಲ್ಲಿಗೆ ರಕ್ಷಣೆ ಸಿಕ್ಕಿದ ಮೇಲೆ ಊರಿನ ಹೆಸರನ್ನೂ ಸೇರಿಸಿ. ಒಂದು ಪ್ರತಿ ನಿಮ್ಮ ಕಂಪ್ಯೂಟರ್‌ನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇರಲಿ.

ಇನ್ನೊಂದು ಮಾತು. ನೀವು ಹೇಳಿದ ಪ್ರಕಾರ ಫೋಟೋಗಳು ನಡುಮಧ್ಯಾಹ್ನದವು. ನೆತ್ತಿಯ ಬಿಸಿಲಿನಲ್ಲಿ ಅಕ್ಷರದ ಕುಳಿಗೆ ನೆರಳು ಬೀಳದಿದ್ದರೆ ಎಂಥ ತಾಣವೂ ಸಹಾಯ ಮಾಡದು. ಸಂಜೆ ಕತ್ತಲಾದ ಮೇಲೆ ಇಬ್ಬರು ಹೋಗಿ, ಒಬ್ಬರು ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಪಕ್ಕದಿಂದ ಹಿಡಿಯಲಿ, ಇನ್ನೊಬ್ಬರು ಎದುರಿನಿಂದ ತೆಗೆಯಲಿ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಲಿಂಕ್ ಸಿದ್ಧವಾದಾಗ ಇಲ್ಲೇ ಹಾಕಿ, ತಾಲ್ಲೂಕಿನ ಹೆಸರಷ್ಟೇ ಸಾಕು. ನಾನೂ ಓದಲು ಕೂರುತ್ತೇನೆ.