ಗೆದ್ದರೂ ಕುರ್ಚಿ ಉಳಿಯಲಿಲ್ಲ, ಯಾಕೆ?

ಕಳೆದ ಸಲ ಇಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಕೊರೊನಾ ಲಾಕ್‌ಡೌನ್ ಕಾಲದಲ್ಲಿ ತಮ್ಮದೇ ಕಚೇರಿಯಲ್ಲಿ ನಡೆದ ಪಾರ್ಟಿಗಳ ಹಗರಣದಲ್ಲಿ ಸಿಕ್ಕಿಬಿದ್ದು, ಸ್ವಂತ ಪಕ್ಷದ ಸಂಸದರ ವಿಶ್ವಾಸಮತ ಗೆದ್ದು, ಒಂದೇ ತಿಂಗಳಲ್ಲಿ ಕುರ್ಚಿ ಬಿಡಬೇಕಾಗಿ ಬಂದವರು ಅಂತ. ಈ ಸಲ ಬಂದ ಪತ್ರಗಳಲ್ಲಿ ಅದರ ಮೇಲಿನವೇ ಜಾಸ್ತಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದುಕೊಂಡಿದ್ದೇನೆ. ಅಡಿಕೆ ರೇಟು ಕೇಳಿದವರು ಕ್ಷಮಿಸಬೇಕು.

ಹಾಸನದ ಓದುಗರು: ಹಗರಣದಲ್ಲಿ ಸಿಕ್ಕಿಬಿದ್ದ ಪ್ರಧಾನಿಯ ಮೇಲೆ ಅವರ ಪಕ್ಷದವರೇ ತಿರುಗಿಬಿದ್ದರೆ ಅವರು ಉಳಿಯಬಹುದಾ? ಸುತ್ತಿ ಬಳಸದೆ ಹೇಳಿ.

ವೋಟಿನಲ್ಲಿ ಉಳಿಯಬಹುದು. ಕುರ್ಚಿಯಲ್ಲಿ ಜಾಸ್ತಿ ದಿನ ಉಳಿಯುವುದು ಕಷ್ಟ.

ಜಾನ್ಸನ್ ಅವರಿಗೆ 2022ರ ಜೂನ್ 6ರಂದು 211 ವೋಟು ಬಿತ್ತು, ವಿರುದ್ಧ 148. ಜುಲೈ 7ಕ್ಕೆ ರಾಜೀನಾಮೆ ಘೋಷಿಸಿದರು. ಅವರಿಗಿಂತ ಮೊದಲಿದ್ದ ತೆರೇಸಾ ಮೇ 2018ರ ಡಿಸೆಂಬರ್ 12ರಂದು 200–117ರಿಂದ ಗೆದ್ದರು. ಅವರದು ಹಗರಣ ಅಲ್ಲ, ಯುರೋಪ್ ಒಕ್ಕೂಟ ಬಿಡುವ ಬ್ರೆಕ್ಸಿಟ್ ಜಗಳ. ಆದರೂ ಮುಂದಿನ ವರ್ಷದ ಮೇ 24ಕ್ಕೆ ಮನೆ ಬಾಗಿಲಲ್ಲೇ ನಿಂತು, ಗಂಟಲು ಕಟ್ಟಿದ ದನಿಯಲ್ಲಿ ಹೊರಟೆ ಅಂದರು. ನಮ್ಮ ಕಡೆ ಕೋರ್ಟು ಕಚೇರಿಗೆ ಹೇಳುತ್ತಾರಲ್ಲ, ಗೆದ್ದವ ಸೋತ ಸೋತವ ಸತ್ತ ಅಂತ, ಇಲ್ಲಿ ಅದರ ಮೊದಲರ್ಧ ಸಾಕು.

ನನ್ನ ಪ್ರಕಾರ ಎಷ್ಟು ವೋಟು ಬಿತ್ತು ಅನ್ನುವುದು ಮುಖ್ಯ ಅಲ್ಲ. ಮಾರನೇ ದಿನ ಬೆಳಗ್ಗೆ ಟಿವಿ ಮುಂದೆ ಕೂತು ನಿಮ್ಮ ಪರವಾಗಿ ಮಾತಾಡಲು ಯಾರು ತಯಾರಿದ್ದಾರೆ ಅನ್ನುವುದು ಮುಖ್ಯ. ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಹಿಂದೆ ಒಬ್ಬ ಅಧ್ಯಕ್ಷರು ಅವಿಶ್ವಾಸ ನಿರ್ಣಯದಲ್ಲಿ ಒಂದೇ ವೋಟಿನಿಂದ ಬಚಾವಾಗಿ ಪಟಾಕಿ ಹೊಡೆಸಿದ್ದರು. ಆಮೇಲೆ ಮೂರು ಸಭೆ ಕರೆದರು, ಮೂರಕ್ಕೂ ಕೋರಂ ಆಗಲಿಲ್ಲ. ಕುರ್ಚಿ ಅವರದೇ, ಎದುರಿಗೆ ಕೂರುವವರೇ ಇಲ್ಲ.

ತುಮಕೂರಿನ ಓದುಗರು: ಅಲ್ಲಿ ಈ ವೋಟು ಹೇಗೆ ನಡೆಯುತ್ತೆ? ಯಾರು ಕರೆಯುತ್ತಾರೆ?

ಜಾನ್ಸನ್ ಕಾಲದ ನಿಯಮ ಹೇಳುತ್ತೇನೆ. ಕನ್ಸರ್ವೇಟಿವ್ ಪಕ್ಷದ ಸಂಸದರಲ್ಲಿ ಶೇ. 15 ಮಂದಿ ಪತ್ರ ಬರೆದು ನಾಯಕನ ಮೇಲೆ ನಂಬಿಕೆ ಇಲ್ಲ ಅಂದರೆ ವೋಟು ಆಗಲೇಬೇಕು. ಆಗ ಪಕ್ಷದ ಸಂಸದರು 359, ಅಂದರೆ 54 ಪತ್ರ ಬೇಕು. ಪತ್ರ ಹೋಗುವುದು 1922 ಕಮಿಟಿ ಅನ್ನುವ ಸಂಸದರ ಕೂಟದ ಅಧ್ಯಕ್ಷರಿಗೆ. ಆಗ ಅಲ್ಲಿದ್ದವರು ಗ್ರಹಾಂ ಬ್ರೇಡಿ. ಎಷ್ಟು ಪತ್ರ ಬಂದಿದೆ, ಯಾರು ಕೊಟ್ಟರು ಅನ್ನುವುದು ಅವರೊಬ್ಬರಿಗೇ ಗೊತ್ತು. ಕೊಟ್ಟ ಪತ್ರವನ್ನು ವಾಪಸ್ ಪಡೆಯಲೂಬಹುದು.

ಇದರಲ್ಲಿ ನನಗೆ ತಮಾಷೆ ಅನ್ನಿಸಿದ್ದು ಒಂದಿದೆ. ಆ ಜೂನ್ ಮೊದಲ ವಾರ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದು 70 ವರ್ಷವಾದ ಹಬ್ಬ. ಹಬ್ಬ ಕೆಡಿಸಬಾರದು ಅಂತ ಕೆಲವರು ಪತ್ರಕ್ಕೆ ಮುಂದಿನ ತಾರೀಕು ಹಾಕಿ ಕೊಟ್ಟಿದ್ದರಂತೆ, ನಾವು ಪೋಸ್ಟ್ ಡೇಟೆಡ್ ಚೆಕ್ ಕೊಡುವ ಹಾಗೆ. ಭಾನುವಾರ ಹಬ್ಬ ಮುಗಿಯಿತು. ಸೋಮವಾರ ಬೆಳಗ್ಗೆ ಘೋಷಣೆ, ಸಂಜೆ ಆರರಿಂದ ಎಂಟರವರೆಗೆ ಗುಪ್ತ ಮತದಾನ, ರಾತ್ರಿ ಒಂಬತ್ತಕ್ಕೆ ಫಲಿತಾಂಶ. ಗೆದ್ದವರನ್ನು ಒಂದು ವರ್ಷ ಮತ್ತೆ ಮುಟ್ಟುವ ಹಾಗಿಲ್ಲ ಅಂತಲೂ ನಿಯಮ ಇತ್ತು. ಆ ನಿಯಮ ಮೇ ಅವರನ್ನೂ ಕಾಪಾಡಲಿಲ್ಲ, ಜಾನ್ಸನ್ ಅವರನ್ನೂ ಕಾಪಾಡಲಿಲ್ಲ.

ಶಿವಮೊಗ್ಗದ ಓದುಗರು: ಒಂದು ಕೇಕಿಗೆ, ಐವತ್ತು ಪೌಂಡ್ ದಂಡಕ್ಕೆ ಒಬ್ಬ ಪ್ರಧಾನಿಯನ್ನು ಇಳಿಸುವುದು ಅತಿ ಆಗಲಿಲ್ಲವಾ?

ಕೇಕು ಅಂತ ಮಾತ್ರ ನೋಡಿದರೆ ಅತಿಯೇ. 2020ರ ಜೂನ್ 19, ಅವರ 56ನೇ ಹುಟ್ಟುಹಬ್ಬ. ಮಧ್ಯಾಹ್ನ ಕ್ಯಾಬಿನೆಟ್ ಕೊಠಡಿಯಲ್ಲಿ ಸೇರಿದರು, ಹತ್ತು ನಿಮಿಷವೂ ಇರಲಿಲ್ಲ ಅಂತ ಅವರೇ ಹೇಳಿಕೊಂಡರು. ಅದಕ್ಕೆ 2022ರ ಏಪ್ರಿಲ್‌ನಲ್ಲಿ ದಂಡ ಬಿತ್ತು.

ಆದರೆ ಆ ಕೊರೊನಾ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಅಪ್ಪ ಅಮ್ಮ ಆಸ್ಪತ್ರೆಯಲ್ಲಿ ಸಾಯುತ್ತಿದ್ದರೂ ಮಕ್ಕಳು ಪಕ್ಕದಲ್ಲಿರುವ ಹಾಗಿರಲಿಲ್ಲ. ಆ ರೂಲ್ಸು ಬರೆದದ್ದು ಇದೇ ಪ್ರಧಾನಿ ಮನೆಯವರು. ರಾಣಿಯ ಗಂಡ ಫಿಲಿಪ್ ಅವರ ಅಂತ್ಯಕ್ರಿಯೆ 2021ರ ಏಪ್ರಿಲ್ 17ಕ್ಕೆ. 30 ಜನಕ್ಕೆ ಮಾತ್ರ ಅವಕಾಶ. ಕಪ್ಪು ಮಾಸ್ಕ್ ಹಾಕಿಕೊಂಡು ರಾಣಿ ಒಬ್ಬರೇ ಕೂತಿದ್ದ ಫೋಟೊ ನೀವೂ ನೋಡಿರಬಹುದು. ಅದರ ಹಿಂದಿನ ರಾತ್ರಿ ಪ್ರಧಾನಿ ಕಚೇರಿಯಲ್ಲಿ ಸಿಬ್ಬಂದಿಯ ಬೀಳ್ಕೊಡುಗೆ ಪಾರ್ಟಿ. ಜಾನ್ಸನ್ ಅದರಲ್ಲಿ ಇರಲಿಲ್ಲ, ನಿಜ. ಆದರೆ ಅವರ ಪುಟ್ಟ ಮಗನ ಉಯ್ಯಾಲೆ ಆ ರಾತ್ರಿ ಮುರಿಯಿತು.

ತನಿಖೆ ಮಾಡಿದವರು ಸ್ಯೂ ಗ್ರೇ ಅನ್ನುವ ಹಿರಿಯ ಅಧಿಕಾರಿ. 2022ರ ಮೇ 25ಕ್ಕೆ ಬಂದ ಅವರ ವರದಿಯಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಯಾವ ಮಂತ್ರಿಯೂ ಅಲ್ಲ. 2020ರ ಡಿಸೆಂಬರ್‌ನ ಒಂದು ಪಾರ್ಟಿಯ ಮರುದಿನ ಬೆಳಗ್ಗೆ ಕ್ಲೀನಿಂಗಿಗೆ ಬಂದವರು ನೋಡಿದ್ದು: ಗೋಡೆ ಮೇಲೆ ಕೆಂಪು ವೈನ್ ಚೆಲ್ಲಿದೆ, ಜೆರಾಕ್ಸ್ ಪೇಪರಿನ ಡಬ್ಬಗಳ ಮೇಲೂ ಚೆಲ್ಲಿದೆ. ಕ್ಲೀನಿಂಗಿನವರ ಜೊತೆ, ಸೆಕ್ಯುರಿಟಿಯವರ ಜೊತೆ ಮರ್ಯಾದೆಯಿಲ್ಲದೆ ನಡೆದುಕೊಂಡಿದ್ದನ್ನೂ ಅವರು ಬರೆದಿದ್ದಾರೆ. ಊರಿಗೆಲ್ಲ ಬೀಗ ಹಾಕಿಸಿ ಒಳಗೆ ತಾವು ಕುಡಿದು, ಬೆಳಗ್ಗೆ ಬಡವರ ಕೈಲಿ ಗೋಡೆ ಒರೆಸಿದರು ಅನ್ನುವುದನ್ನು ಓದಿದ ಮೇಲೆ ಕೇಕಿನ ಮಾತು ಯಾರಿಗೆ ಬೇಕು? ಪೊಲೀಸರು ಒಟ್ಟು 83 ಮಂದಿಗೆ 126 ದಂಡ ಹಾಕಿದರು. ಇದೆಲ್ಲದರ ಮೇಲೆ, ಎಲ್ಲ ನಿಯಮ ಪಾಲಿಸಿದ್ದೇವೆ ಅಂತ ಪ್ರಧಾನಿ 2021ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಹೇಳಿಬಿಟ್ಟಿದ್ದರು. ಕುತ್ತಿಗೆಗೆ ಬಂದದ್ದು ಆ ಮಾತು.

ಮೈಸೂರಿನ ಓದುಗರು: ಇಷ್ಟೆಲ್ಲ ಆದ ಮೇಲೂ 211 ಮಂದಿ ಅವರ ಪರ ನಿಂತರಲ್ಲ. ಮತ್ತೆ ಒಂದು ತಿಂಗಳಲ್ಲಿ ಏನಾಯಿತು?

ಮೊದಲು ಆ 211ನ್ನು ಬಿಡಿಸಿ ನೋಡಿ. ಅದರಲ್ಲಿ ಮಂತ್ರಿಗಳು, ಉಪಮಂತ್ರಿಗಳು, ಅವರ ಸಹಾಯಕರು ಅಂತ ಸರ್ಕಾರದಲ್ಲಿ ಒಂದಲ್ಲ ಒಂದು ಹುದ್ದೆ ಇದ್ದವರೇ ದೊಡ್ಡ ಸಂಖ್ಯೆ. ಹುದ್ದೆ ಇಲ್ಲದ ಸಂಸದರಲ್ಲಿ ಹೆಚ್ಚಿನವರು ಕೈ ಕೊಟ್ಟಾಗಿತ್ತು. ಅಂದರೆ ಉಳಿಸಿದ್ದು ಪ್ರೀತಿ ಅಲ್ಲ, ಗೂಟದ ಕಾರು.

ಜೂನ್ 23ಕ್ಕೆ ಎರಡು ಉಪಚುನಾವಣೆ. ಟಿವರ್ಟನ್ ಅಂಡ್ ಹಾನಿಟನ್ ಅನ್ನುವ ಹಳ್ಳಿಗಾಡಿನ ಕ್ಷೇತ್ರದಲ್ಲಿ ಹಿಂದಿನ ಸಲ 24 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದಿದ್ದ ಪಕ್ಷ ಸೋತಿತು. ಅದೇ ದಿನ ವೇಕ್‌ಫೀಲ್ಡ್ ಕೂಡ ಕೈತಪ್ಪಿತು. ಬೆಳಕು ಹರಿಯುವಷ್ಟರಲ್ಲಿ ಪಕ್ಷದ ಅಧ್ಯಕ್ಷ ಆಲಿವರ್ ಡೌಡನ್ ರಾಜೀನಾಮೆ. ಸಂಸದರು ಮನೆಯಲ್ಲಿ ಕೂತು ತಮ್ಮ ತಮ್ಮ ಅಂತರ ಎಷ್ಟಿದೆ ಅಂತ ಲೆಕ್ಕ ಹಾಕತೊಡಗಿದರು. ನೈತಿಕತೆಗಿಂತ ಈ ಲೆಕ್ಕಕ್ಕೆ ಓಟ ಜಾಸ್ತಿ.

ಕೊನೇ ಕಲ್ಲು ಬಿದ್ದದ್ದು ಬೇರೆ ಕಡೆಯಿಂದ. ಕ್ರಿಸ್ ಪಿಂಚರ್ ಅನ್ನುವ ಉಪ ಮುಖ್ಯ ಸಚೇತಕರು ಒಂದು ಕ್ಲಬ್ಬಿನಲ್ಲಿ ಇಬ್ಬರು ಗಂಡಸರ ಮೈಮುಟ್ಟಿದರು ಅನ್ನುವ ಆರೋಪ ಬಂದು ಜೂನ್ 30ಕ್ಕೆ ಹುದ್ದೆ ಬಿಟ್ಟರು. ಇವರ ಮೇಲೆ ಮೊದಲೇ ಇಂಥ ದೂರು ಇದ್ದದ್ದು ಪ್ರಧಾನಿಗೆ ಗೊತ್ತಿತ್ತಾ? ಇಲ್ಲ ಅಂದಿತು ಕಚೇರಿ. ಆ ‘ಇಲ್ಲ’ವನ್ನು ಹೊತ್ತುಕೊಂಡು ಮಕ್ಕಳ ಖಾತೆಯ ಮಂತ್ರಿ ವಿಲ್ ಕ್ವಿನ್ಸ್ ಜುಲೈ 4ರ ಸೋಮವಾರ ಬೆಳಗ್ಗೆ ಚಾನೆಲ್ಲಿನಿಂದ ಚಾನೆಲ್ಲಿಗೆ ಹೋಗಿ ಹೇಳಿ ಬಂದರು. ಮಂಗಳವಾರ ಬೆಳಗ್ಗೆ ವಿದೇಶಾಂಗ ಇಲಾಖೆಯ ಮಾಜಿ ಮುಖ್ಯ ಅಧಿಕಾರಿ ಸೈಮನ್ ಮೆಕ್‌ಡೊನಾಲ್ಡ್ ಪತ್ರ ಬಿಡುಗಡೆ ಮಾಡಿದರು: ಗೊತ್ತಿತ್ತು, ಪ್ರಧಾನಿಗೇ ನೇರವಾಗಿ ತಿಳಿಸಲಾಗಿತ್ತು ಅಂತ.

ಈಗ ಆ ಕ್ವಿನ್ಸ್ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಂಡು ನೋಡಿ. ಹೆಂಡತಿ ಮಕ್ಕಳು, ಕ್ಷೇತ್ರದ ಜನ ಎಲ್ಲರೂ ನೋಡುತ್ತಿರುವಾಗ ನೀವು ಇನ್ನೊಬ್ಬರ ಸುಳ್ಳನ್ನು ನಿಮ್ಮ ಬಾಯಿಂದ ಹೇಳಿ ಬಂದಿದ್ದೀರಿ, ಅದಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಆಯುಸ್ಸಿರಲಿಲ್ಲ. ಬುಧವಾರ ಅವರು ಹೊರಗೆ. ಅಷ್ಟರಲ್ಲಿ ಮಂಗಳವಾರ ಸಂಜೆಯೇ ಆರೋಗ್ಯ ಮಂತ್ರಿ ಸಾಜಿದ್ ಜಾವಿದ್, ಹಣಕಾಸು ಮಂತ್ರಿ ರಿಷಿ ಸುನಕ್ ಕೆಲವೇ ನಿಮಿಷಗಳ ಅಂತರದಲ್ಲಿ ಹೊರಟಿದ್ದರು. ಆಮೇಲೆ ಕಟ್ಟೆ ಒಡೆಯಿತು, 50ಕ್ಕೂ ಹೆಚ್ಚು ರಾಜೀನಾಮೆ. ಮಂಗಳವಾರ ರಾತ್ರಿ ಶಿಕ್ಷಣ ಮಂತ್ರಿಯಾದ ಮಿಷೆಲ್ ಡೊನೆಲನ್ ಗುರುವಾರ ಬೆಳಗ್ಗೆ ಬಿಟ್ಟರು. ಮಂಗಳವಾರ ರಾತ್ರಿಯೇ ಹೊಸದಾಗಿ ಹಣಕಾಸು ಖಾತೆ ಪಡೆದ ನಧೀಮ್ ಜಹಾವಿ, ಖಾತೆ ಇಟ್ಟುಕೊಂಡೇ, ನೀವು ಹೋಗುವುದು ಒಳ್ಳೇದು ಅಂತ ಪ್ರಧಾನಿಗೆ ಬಹಿರಂಗವಾಗಿ ಬರೆದರು. ಖಾತೆಗಳು ಖಾಲಿ, ಕೊಟ್ಟರೂ ತೆಗೆದುಕೊಳ್ಳುವವರಿಲ್ಲ. ಕೋರಂ ಇಲ್ಲ.

ಬೆಂಗಳೂರಿನ ಓದುಗರು: ನಮ್ಮ ಬೆಂಗಳೂರಿನ ಅಳಿಯ ಬೆನ್ನಿಗೆ ಚೂರಿ ಹಾಕಿದ್ದು ಸರೀನಾ?

ಅಳಿಯ ಅನ್ನುವ ಅಭಿಮಾನಕ್ಕೆ ವಕಾಲತ್ತು ಮಾಡಲಾರೆ. ಸುನಕ್ ಅವರ ಹೆಂಡತಿ ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಆದ್ದರಿಂದ ಅಳಿಯತನದ ಮೇಲೆ ಆ ಕಡೆಯವರಿಗೂ ಹಕ್ಕಿದೆ! ಸುನಕ್ ಅವರಿಗೂ ಅದೇ ಹುಟ್ಟುಹಬ್ಬದ ಕೇಕಿಗೆ ದಂಡ ಬಿದ್ದಿತ್ತು. ಬೇರೆ ಮೀಟಿಂಗಿಗೆ ಅಂತ ಬಂದು ಸಿಕ್ಕಿಬಿದ್ದವರು ಪಾಪ. ಚೂರಿ ಹೌದೋ ಅಲ್ಲವೋ, ಪಕ್ಷದ ಸಾಮಾನ್ಯ ಸದಸ್ಯರು ಅದನ್ನು ಚೂರಿ ಅಂತಲೇ ನೋಡಿದರು. ಹೊಸ ನಾಯಕನನ್ನು ಆರಿಸಲು ಆ ಸದಸ್ಯರು ಹಾಕಿದ ವೋಟಿನ ಫಲಿತಾಂಶ ಆ ಸೆಪ್ಟೆಂಬರ್‌ನಲ್ಲಿ ಬಂತು: ಲಿಜ್ ಟ್ರಸ್ ಅವರಿಗೆ 81,326 ವೋಟು, ಇವರಿಗೆ 60,399. ಟ್ರಸ್ ಏಳು ವಾರಕ್ಕೆ ಮುಗ್ಗರಿಸಿದ್ದರಿಂದ ಅಕ್ಟೋಬರ್ 24ಕ್ಕೆ, ದೀಪಾವಳಿಯ ದಿನ, ಸ್ಪರ್ಧೆಯೇ ಇಲ್ಲದೆ ಪಕ್ಷ ಕೈಗೆ ಬಂತು.

ಧಾರವಾಡದ ಓದುಗರು: ಹೀಗೆ ಸವಾಲು ಎದುರಿಸಿ ನಿಜವಾಗಿ ಉಳಿದವರು ಒಬ್ಬರೂ ಇಲ್ಲವಾ?

ಜಾನ್ ಮೇಜರ್ ಇದ್ದಾರೆ. 1995ರಲ್ಲಿ ಪಕ್ಷದೊಳಗೆ ಗೊಣಗಾಟ ವಿಪರೀತ ಆದಾಗ ತಾವೇ ಪಕ್ಷದ ನಾಯಕತ್ವಕ್ಕೆ ರಾಜೀನಾಮೆ ಬಿಸಾಕಿ, ತಾಕತ್ತಿದ್ದವರು ಎದುರಿಗೆ ಬನ್ನಿ ಅಂದರು. ಬಂದದ್ದು ಜಾನ್ ರೆಡ್‌ವುಡ್. 218–89. ಇದಕ್ಕಿಂತ ಕಡಿಮೆ ಬಂದರೆ ಬಿಟ್ಟುಬಿಡುತ್ತೇನೆ ಅಂತ ಮೇಜರ್ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಸಂಖ್ಯೆ 215. ಮೂರು ವೋಟಿನಲ್ಲಿ ಪಾರು! ತಾರೀಕು ಅವರು ಆರಿಸಿಕೊಂಡರು, ಮಂತ್ರಿಗಿರಿ ಬಿಟ್ಟು ಎದುರಿಗೆ ನಿಂತ ರೆಡ್‌ವುಡ್ ಒಬ್ಬರನ್ನು ಬಿಟ್ಟರೆ ಮಂತ್ರಿಮಂಡಲ ಅಲ್ಲಾಡಲಿಲ್ಲ. ಎರಡು ವರ್ಷ ಬಾಳಿ ಚುನಾವಣೆಯಲ್ಲಿ ಮಣ್ಣು ಮುಕ್ಕಿದರು, ಅದು ಬೇರೆ ಮಾತು.

ಅವರಿಗಿಂತ ಮೊದಲು ಥ್ಯಾಚರ್. 1990ರ ನವೆಂಬರ್ 20ಕ್ಕೆ ಮೈಕೆಲ್ ಹೆಸಲ್ಟೈನ್ ವಿರುದ್ಧ 204–152ರಿಂದ ಮುಂದಿದ್ದರು. ಆದರೆ ಆಗಿನ ನಿಯಮದ ಪ್ರಕಾರ ಬೇಕಿದ್ದ ಅಂತರಕ್ಕೆ ನಾಲ್ಕು ವೋಟು ಕಮ್ಮಿ. ಅಂದು ಅವರಿದ್ದ ಪ್ಯಾರಿಸ್‌ನಲ್ಲಿ ಮೆಟ್ಟಿಲಿಳಿದು ಬಂದು ಎರಡನೇ ಸುತ್ತಿಗೂ ನಿಲ್ಲುತ್ತೇನೆ ಅಂದರು. ಮಾರನೇ ಸಂಜೆ ಮಂತ್ರಿಗಳನ್ನು ಒಬ್ಬೊಬ್ಬರನ್ನೇ ಒಳಗೆ ಕರೆದರು. ನಾನು ನಿಮ್ಮ ಜೊತೆಗಿದ್ದೇನೆ, ಆದರೆ ನೀವು ಗೆಲ್ಲಲ್ಲ ಅಂತ ಹೆಚ್ಚುಕಮ್ಮಿ ಎಲ್ಲರೂ ಒಂದೇ ರಾಗ. 22ಕ್ಕೆ ರಾಜೀನಾಮೆ.

ಮೆಲ್ಬರ್ನ್‌ನಿಂದ ಒಬ್ಬ ಕನ್ನಡಿಗರು: ನಮ್ಮ ಆಸ್ಟ್ರೇಲಿಯಾ ಮರೆತಿರಾ?

ಮರೆಯೋಕೆ ಸಾಧ್ಯವಾ! ಅಲ್ಲಿ ಪ್ರಧಾನಿಯಾಗಿದ್ದ ಟೋನಿ ಅಬಾಟ್ 2015ರ ಫೆಬ್ರುವರಿ 9ಕ್ಕೆ 61–39ರಿಂದ ಬಚಾವು. ಎದುರಿಗೆ ಅಭ್ಯರ್ಥಿಯೇ ಇರಲಿಲ್ಲ, ಆದರೂ 39 ಮಂದಿ ಬೇಡ ಅಂದರು. ಸೆಪ್ಟೆಂಬರ್‌ಗೆ ಮಾಲ್ಕಮ್ ಟರ್ನ್‌ಬುಲ್ 54–44ರಿಂದ ಇಳಿಸಿದರು. ಆ ಟರ್ನ್‌ಬುಲ್ 2018ರ ಆಗಸ್ಟ್ 21ಕ್ಕೆ 48–35ರಿಂದ ಗೆದ್ದು 24ಕ್ಕೆ ಮನೆಗೆ. ಮೂರು ದಿನ! ನಿಮ್ಮವರ ಮುಂದೆ ಜಾನ್ಸನ್ ಒಂದು ತಿಂಗಳು ಬಾಳಿದ್ದೇ ದೊಡ್ಡದು.

ಕಲಬುರಗಿಯ ಓದುಗರು: ನಮ್ಮ ದೇಶದಲ್ಲಿ ಹೀಗೆ ಪತ್ರ ಬರೆದು ನಾಯಕನನ್ನು ಇಳಿಸುವ ದಾರಿ ಯಾಕಿಲ್ಲ?

ನಮ್ಮಲ್ಲಿ ಪತ್ರ ಬರೆಯುವ ವಿಳಾಸವೇ ಬೇರೆ, ಅದು ದೆಹಲಿಯ ಹೈಕಮಾಂಡ್. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಸದನದಲ್ಲಿ ಪಕ್ಷದ ಆದೇಶ, ಅಂದರೆ ವಿಪ್ ಮೀರಿದರೆ ಸ್ಥಾನವೇ ಹೋಗಬಹುದು. ಪಕ್ಷದೊಳಗೆ ಗುಪ್ತ ಮತದಾನ ಮಾಡಬಾರದು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ, ಅಭ್ಯಾಸ ಇಲ್ಲ ಅಷ್ಟೆ. ನಮ್ಮ ರಾಜ್ಯದಲ್ಲೇ 2011ರಲ್ಲಿ ಗಣಿ ವರದಿಯ ನಂತರ ಯಡಿಯೂರಪ್ಪ ಇಳಿದಾಗ ಸದಾನಂದ ಗೌಡ, ಜಗದೀಶ ಶೆಟ್ಟರ್ ನಡುವೆ ಬಿಜೆಪಿ ಶಾಸಕರು ಚೀಟಿ ಹಾಕಿದ್ದರು. ಗಮನಿಸಿ, ಅದು ಹೊಸಬರನ್ನು ಆರಿಸಲು. ಕೂತವರನ್ನು ಎಬ್ಬಿಸಲು ಚೀಟಿ ಹಂಚುವ ಧೈರ್ಯ ಈಗಿನ ಪಕ್ಷಗಳಲ್ಲಿ ಕಾಣುವುದಿಲ್ಲ.

ಉಡುಪಿಯ ಓದುಗರು: ಆ 211 ಮಂದಿ ಆಮೇಲೆ ಏನಾದರು?

ಒಳ್ಳೇ ಪ್ರಶ್ನೆ. ಜಾನ್ಸನ್ ಸಂಸತ್ತಿಗೆ ತಪ್ಪು ಹೇಳಿದರಾ ಅಂತ ವಿಚಾರಿಸಿದ ಹಕ್ಕುಬಾಧ್ಯತಾ ಸಮಿತಿ 2023ರ ಜೂನ್‌ನಲ್ಲಿ, ಹೌದು, ಬೇಕಂತಲೇ ದಾರಿ ತಪ್ಪಿಸಿದ್ದಾರೆ ಅಂದಿತು. ವರದಿ ಹೊರಬೀಳುವ ಮೊದಲೇ ಜಾನ್ಸನ್ ಸಂಸದ ಸ್ಥಾನ ಬಿಟ್ಟಿದ್ದರು. ವರದಿ ವೋಟಿಗೆ ಬಂದಾಗ ಪರವಾಗಿ 354, ವಿರುದ್ಧ 7. ಈ ಸಲ ಗುಪ್ತ ಮತದಾನ ಅಲ್ಲ, ಹೆಸರು ದಾಖಲಾಗುವ ವೋಟು. ಕನ್ಸರ್ವೇಟಿವ್ ಸಂಸದರಲ್ಲಿ ಬಹಳ ಮಂದಿ ಆ ಕಡೆ ತಲೆಯೇ ಹಾಕಲಿಲ್ಲ, ಪ್ರಧಾನಿ ಸುನಕ್ ಕೂಡ. ಅಂದು ಜೂನ್ 19, ಜಾನ್ಸನ್ ಅವರ 59ನೇ ಹುಟ್ಟುಹಬ್ಬ.