ಹಣ್ಣು ಹುಳು ಆರಿಸುವ ಹುಡುಗಿಗೆ ಕಣ್ಣೀರಿನ ಕಥೆ ಯಾಕೆ?

ಪತ್ರ: ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಜೊತೆಗೆ ತನ್ನ ಬಗ್ಗೆ ಒಂದು ಪ್ರಬಂಧ ಬರೆಯಬೇಕಂತೆ. ಮನೆಯಲ್ಲಿ ರೇಷ್ಮೆ ಹುಳು ಸಾಕುವ ಬಗ್ಗೆ ಬರೆದಳು. ನಾನು ಭಾಷೆ ತಿದ್ದಿ ಕೊಟ್ಟೆ. ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು, ಇದರಲ್ಲಿ ಕಷ್ಟ ಸಾಲದು, ಓದಿದವರು ಅಳಬೇಕು ಎಂದರಂತೆ. ಹದಿನೇಳರ ಮಗುವಿಗೆ 'ನೀನು ಯಾರು' ಅಂತ ಕೇಳುವುದೇ ತಪ್ಪಲ್ಲವೇ? ನಮ್ಮ ಸಿಇಟಿ ರ‍್ಯಾಂಕೇ ವಾಸಿ ಅಲ್ವಾ?
– ಉಪನ್ಯಾಸಕರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮೇಷ್ಟ್ರೇ, ರ‍್ಯಾಂಕಿನ ಪರವಾಗಿ ನೀವು ಹೇಳಿದ್ದರಲ್ಲಿ ನಿಜ ಇದೆ. ಓಎಂಆರ್ ಹಾಳೆಗೆ ಯಾರ ಮನೆ ಮಗು ಅಂತ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟು ಪ್ರಬಂಧ ಬರೆಸಿಕೊಳ್ಳುವವರು ಇದ್ದೇ ಇದ್ದಾರೆ. ಒಪ್ಪಿದೆ.

ಆದರೆ ಕೇಳುವುದೇ ತಪ್ಪು ಅನ್ನುತ್ತೀರಲ್ಲ, ಅದನ್ನು ಒಪ್ಪಲಾರೆ. ಅಲ್ಲಿನ ನೂರಾರು ಕಾಲೇಜುಗಳು ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ತೆಗೆದುಕೊಳ್ಳುತ್ತವೆ. ಪ್ರಬಂಧಕ್ಕೆ ಮಿತಿ 650 ಪದ. ಕೊಟ್ಟ ಹಲವು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎದುರಿಸಿದ ಕಷ್ಟದ ಬಗ್ಗೆ ಒಂದು ಪ್ರಶ್ನೆ ಇದೆ ನಿಜ. ಆದರೆ ನಿನ್ನ ಹಿನ್ನೆಲೆ, ಗುರುತು, ಆಸಕ್ತಿ, ಪ್ರತಿಭೆ, ಯಾವುದನ್ನು ಬಿಟ್ಟರೆ ಅರ್ಜಿ ಅರ್ಧಂಬರ್ಧ ಅನಿಸುತ್ತದೋ ಅದನ್ನು ಹೇಳು ಅಂತಲೂ ಒಂದಿದೆ. ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ, ಜನಾಂಗ ನೋಡಿ ಸೀಟು ಕೊಡಬಾರದು ಎಂದಿತು. ಅದೇ ತೀರ್ಪಿನಲ್ಲಿ, ಜನಾಂಗದಿಂದ ತನ್ನ ಬದುಕಿನಲ್ಲಿ ಏನಾಯಿತು ಅಂತ ವಿದ್ಯಾರ್ಥಿ ಬರೆದರೆ ಅದನ್ನು ಗಮನಿಸಲು ಅಡ್ಡಿಯಿಲ್ಲ ಎಂದೂ ಹೇಳಿತು. ಮಗುವಿನ ಮಾತಿಗೆ ಅಷ್ಟು ಬೆಲೆ ಇದೆ. ಕಣ್ಣೀರು ಬೇಕೇ ಬೇಕು ಅಂದದ್ದು ಕನ್ಸಲ್ಟೆಂಟ್, ಅರ್ಜಿಯಲ್ಲ.

ನೀವು ಕಳಿಸಿದ ಮೊದಲ ಪ್ರತಿಯನ್ನು ಎರಡು ಸಲ ಓದಿದೆ. ನಾಲ್ಕನೇ ಜ್ವರ (ಅಂದರೆ ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಹುಳುಗಳಿಗೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಆಮೇಲೆ ಮೇವು ಬಿಡುತ್ತವೆ, ಮೈ ಹಳದಿಗೆ ತಿರುಗುತ್ತದೆ. ಆ ರಾತ್ರಿ ಮನೆಮಂದಿಯೆಲ್ಲ ಹಣ್ಣು ಹುಳು, ಅಂದರೆ ಗೂಡು ಕಟ್ಟಲು ತಯಾರಾದ ಹುಳು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಡುತ್ತಾರೆ. ಹುಡುಗಿ ಒಂದೊಂದನ್ನು ಬಲ್ಬಿಗೆ ಹಿಡಿದು, ಬೆಳಕು ಮೈಯೊಳಗೆ ಹಾದರೆ ಮಾತ್ರ ಬಿಡುತ್ತಾಳೆ. ಅಜ್ಜಿ ನೋಡುವುದೂ ಇಲ್ಲ, ಬೆರಳಿನಲ್ಲಿ ಮುಟ್ಟಿಯೇ ಹೇಳುತ್ತಾರೆ. 'ಅಜ್ಜಿಗೆ ಗೊತ್ತಾಗುವುದು ನನಗೆ ಯಾಕೆ ಗೊತ್ತಾಗುವುದಿಲ್ಲ ಅನ್ನುವುದೇ ನನ್ನ ಮೊದಲ ವಿಜ್ಞಾನದ ಪ್ರಶ್ನೆ' ಅಂತ ಬರೆದಿದ್ದಾಳೆ. ಇದಕ್ಕಿಂತ ಜಾಸ್ತಿ ತನ್ನನ್ನು ತಾನು ಕಂಡುಕೊಳ್ಳುವುದು ಅಂದರೆ ಏನು ಮೇಷ್ಟ್ರೇ?

ನೀವು ತಿದ್ದಿದ ಪ್ರತಿಯಲ್ಲಿ ಆ ಸಾಲೇ ಇಲ್ಲ! ಬಲ್ಬೂ ಇಲ್ಲ. 'ರೇಷ್ಮೆ ಕೃಷಿಯು ನನಗೆ ಪರಿಶ್ರಮದ ಮಹತ್ವವನ್ನು ಕಲಿಸಿತು' ಅಂತ ಆಗಿದೆ. ಕನ್ಸಲ್ಟೆಂಟ್ ಮೇಲೆ ನಿಮಗೆ ಸಿಟ್ಟು ಬಂದದ್ದು ಸರಿ. ಆದರೆ ಮೊದಲು ಕತ್ತರಿ ಹಾಕಿದವರು ನೀವೇ.

ನಮ್ಮ ಜಿಲ್ಲೆಯ ಎಚ್. ನರಸಿಂಹಯ್ಯನವರನ್ನೇ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದಲಿಕ್ಕೆ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆದರೂ ಅವರನ್ನು ಜನ ನೆನೆಯುವುದು ಬಡತನಕ್ಕಲ್ಲ, 'ಯಾಕೆ' ಅಂತ ಕೇಳುವ ಛಲಕ್ಕೆ. ಮುಳಬಾಗಿಲಿನ ಡಿವಿಜಿಯವರು ನೆನಪು ಬರೆಯಲು ಕೂತು ಸಂಪುಟಗಳುದ್ದಕ್ಕೂ ಬೇರೆಯವರ ಬಗ್ಗೆಯೇ ಬರೆದರು. ಓದಿದರೆ ಅವರೇ ಕಣ್ಣಮುಂದೆ ಬರುತ್ತಾರೆ. ಈ ಹುಡುಗಿಯೂ ಅಜ್ಜಿಯ ಬೆರಳಿನ ಬಗ್ಗೆ ಬರೆದು ತನ್ನನ್ನು ತೋರಿಸಿಕೊಂಡಿದ್ದಾಳೆ.

ನನ್ನ ನಿಜವಾದ ಸಂಕಟ ಬೇರೆ. ಒಂದನೇ ಕ್ಲಾಸಿನಿಂದ ಪಿಯುವರೆಗೆ ನಾವು ಒಂದು ಮಗುವಿಗಾದರೂ 'ನೀನು ಕಂಡದ್ದನ್ನು ಬರಿ' ಅಂದಿದ್ದೇವಾ? ಗೈಡಿನಲ್ಲಿರುವ ಗ್ರಂಥಾಲಯದ ಮಹತ್ವವನ್ನು ಬಾಯಿಪಾಠ ಮಾಡಿಸುತ್ತೇವೆ, ಶಾಲೆಯ ಗ್ರಂಥಾಲಯಕ್ಕೆ ಬೀಗ ಹಾಕಿರುತ್ತೇವೆ. ಪಿಯುಗೆ ಬಂದರೆ ಬೆಳಗಿನಿಂದ ರಾತ್ರಿವರೆಗೆ ನೀಟ್, ಸಿಇಟಿ, ಜೆಇಇ. ಕನ್ನಡದ ಪೀರಿಯಡ್ಡನ್ನೂ ಕೋಚಿಂಗಿಗೆ ಕೊಡುವ ಕಾಲೇಜುಗಳಿವೆ. ಹೀಗೆ ಬೆಳೆಸಿದ ಮಕ್ಕಳು 650 ಪದ ಬರೆಯಲು ಕನ್ಸಲ್ಟೆಂಟ್ ಬಾಗಿಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಅನೇಕ ಕಾಲೇಜುಗಳ ಕೊನೆಯ ದಿನಾಂಕ ಜನವರಿ ಮೊದಲ ವಾರದ ಆಸುಪಾಸು ಇರುತ್ತದೆ. ಇನ್ನೂ ಟೈಮ್ ಇದೆ. ಅವಳ ಮೊದಲ ಪ್ರತಿಯನ್ನು ಅವಳಿಗೇ ವಾಪಸ್ ಕೊಡಿ. ಕಾಗುಣಿತ, ವ್ಯಾಕರಣ ಮಾತ್ರ ನೋಡಿ, ಬೇರೆ ಏನೂ ಮುಟ್ಟಬೇಡಿ. ಅದನ್ನೇ ಕನ್ನಡದಲ್ಲೂ ಬರೆಯಲು ಹೇಳಿ. ಅವಳು ಒಪ್ಪಿದರೆ, ಅರ್ಜಿ ಕಳಿಸಿದ ಮೇಲೆ ನಾವು ಅಚ್ಚು ಹಾಕುತ್ತೇವೆ.
– ಸಂ.